ಕಲ್ನಾರಿನ ಹೊಲಿಗೆ

ಬೆಂಕಿಯ ಹತ್ತಿರಕ್ಕೆ ಹೋಗುವವರು ತೊಡುವ ಬೆಳ್ಳಿ ಬಣ್ಣದ ಅಂಗಿ ದೂರದಿಂದ ಹಬ್ಬದ ಉಡುಪಿನ ಹಾಗೆ ಕಾಣುತ್ತದೆ. ಕೈಯಲ್ಲಿ ಎತ್ತಿದಾಗಲೇ ಅದರ ಭಾರ ತಿಳಿಯುವುದು. ಹೊರಗೆ ಅಲ್ಯೂಮಿನಿಯಂ ಲೇಪ, ಒಳಗೆ ಹತ್ತಿಯ ಅಸ್ತರು, ನಡುವೆ ಬೂದುಬಿಳಿ ಬಣ್ಣದ ದಪ್ಪ ನೇಯ್ಗೆ. ಆ ನಡುವಿನ ಬಟ್ಟೆ ಕಲ್ನಾರಿನದು, ಎಲ್ಲರ ಬಾಯಲ್ಲಿ ಆಸ್ಬೆಸ್ಟಾಸ್. ಕಲ್ಲಿನಿಂದ ತೆಗೆದ ನಾರು ಅದು, ಬೆಂಕಿಗೆ ಜಗ್ಗುವುದಿಲ್ಲ. ಉಸಿರಿನ ಜೊತೆ ಒಳಗೆ ಹೋದರೆ ದೇಹಕ್ಕೂ ಜಗ್ಗುವುದಿಲ್ಲ. ಪುಪ್ಪುಸದಲ್ಲಿ ಕೂತು, ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಕೊಲ್ಲುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚೆನ್ನೈನ ಒಂದು ಜವಳಿ ಪರೀಕ್ಷಾ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞೆಯಾಗಿದ್ದೆ. ಎಣ್ಣೂರಿನ ಕಡೆಯ ಕೆಲವು ಕಾರ್ಖಾನೆಗಳು ತಮ್ಮ ಅಗ್ನಿಶಾಮಕ ಸಿಬ್ಬಂದಿಗೆ ಇನ್ನು ಮುಂದೆ ಎಂಥ ಉಡುಪು ಕೊಳ್ಳಬೇಕು ಎಂದು ಒಂದೇ ನಿಯಮ ಮಾಡಿಕೊಳ್ಳಲು ಹೊರಟಿದ್ದವು. ಅದಕ್ಕೊಂದು ಸಮಿತಿ, ಆ ಸಮಿತಿಗೆ ನಾನು ಕಾರ್ಯದರ್ಶಿ. ಹೆಸರು ದೊಡ್ಡದು, ಕೆಲಸ ಕರಡು ಬರೆಯುವುದು, ಬೈಸಿಕೊಳ್ಳುವುದು, ಮತ್ತೆ ಬರೆಯುವುದು. ನನ್ನ ಮೊದಲ ಕರಡಿನಲ್ಲೇ ಒಂದು ಸಾಲು ಹಾಕಿದ್ದೆ: ಉಡುಪಿನ ಯಾವ ಪದರದಲ್ಲೂ ಕಲ್ನಾರು ಇರಕೂಡದು.

ಮೊದಲ ಸಭೆಯಲ್ಲೇ ಆ ಸಾಲಿಗೆ ಪೆಟ್ಟು ಬಿತ್ತು. ಕಾರ್ಖಾನೆಗಳ ಪರವಾಗಿ ಬರುತ್ತಿದ್ದ ಸುರಕ್ಷತಾ ಅಧಿಕಾರಿ ಬುದ್ಧಿವಂತ ಮನುಷ್ಯ, ಮಾತಿನಲ್ಲಿ ಎಣ್ಣೆ ಸವರಿದಂಥ ನಯ. ಕಲ್ನಾರು ಅಪಾಯಕಾರಿ ಎಂದು ತನಗೂ ಗೊತ್ತು ಎಂದ. ಆದರೆ ಅದು ಉಸಿರಾಡಿದಾಗ ಅಪಾಯ. ಬೆಂಕಿಯಲ್ಲಿ ನಮ್ಮವರು ಗಾಳಿಯ ಸಿಲಿಂಡರು ಬೆನ್ನಿಗೆ ಕಟ್ಟಿ ಮುಖವಾಡ ಹಾಕಿಕೊಂಡೇ ಹೋಗುವುದು. ಬೆಂಕಿ ಆರಿದ ಮೇಲೆ ಅಂಗಿ ಕಪಾಟಿಗೆ. ಹಾಗಾದರೆ ನಾರು ಯಾರ ಮೂಗಿಗೆ ಹೋಗುತ್ತದೆ, ತೋರಿಸಿ ಎಂದ. ಅಧ್ಯಕ್ಷರು ನಿವೃತ್ತ ಅಗ್ನಿಶಾಮಕ ಅಧಿಕಾರಿ. ಕಲ್ನಾರಿನ ಅಂಗಿಯೊಳಗೆ ತಾನೇ ಬದುಕಿ ಬಂದವರು, ಅದರ ಮೇಲೆ ಅವರಿಗೆ ಋಣದ ಭಾವ ಇತ್ತು. ತೋರಿಸಲು ಆಗುತ್ತದೆಯೇ ಎಂದು ನನ್ನ ಕಡೆ ನೋಡಿದರು. ಹೊರದೇಶದ ವರದಿಗಳನ್ನು ಮುಂದಿಟ್ಟೆ. ಅವು ಗಣಿಯವರ, ನೇಯ್ಗೆಯವರ ವಿಷಯ ಎಂದು ತಳ್ಳಿಹಾಕಿದರು. ನನಗೆ ಸಿಟ್ಟು ಬಂದರೆ ಕಿವಿ ಕೆಂಪಾಗುತ್ತದೆ. ಅವತ್ತು ಬಸ್ಸಿನಲ್ಲಿ ಬೆಸೆಂಟ್ ನಗರದ ಮನೆಗೆ ಬರುವವರೆಗೂ ಕಿವಿ ಬಿಸಿಯಾಗೇ ಇತ್ತು.

ಬಳಸಿದ ಅಂಗಿಗಳನ್ನೇ ಪರೀಕ್ಷೆ ಮಾಡೋಣ ಎಂದು ಎಣ್ಣೂರಿನ ಒಂದು ಕಾರ್ಖಾನೆಯ ಅಗ್ನಿಶಾಮಕ ಠಾಣೆಗೆ ಹೋದೆ. ಅಲ್ಲಿನ ಠಾಣಾಧಿಕಾರಿ ನನ್ನ ಹೆಸರು ನೋಡಿದವರೇ ಕನ್ನಡಕ್ಕೆ ತಿರುಗಿದರು. ತ್ರಿಪ್ಲಿಕೇನಿನ ಮಾಧ್ವರು, ಮೂರು ತಲೆಮಾರಿನಿಂದ ಮದ್ರಾಸಿನವರು.

"ಮೈಸೂರು ಕಡೆಯೋರಾಮ್ಮಾ? ನಮ್ಮ ಕನ್ನಡ ಕೇಳಿ ನಗಬೇಡಿ. ಅರ್ಧ ತಮಿಳು, ಅರ್ಧ ದೇವರು ಕೊಟ್ಟದ್ದು," ಎಂದರು.

ಕಪಾಟಿನಿಂದ ಅಂಗಿಗಳನ್ನು ತೆಗೆಸಿದರು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಮೊಣಕೈ, ಕಂಕುಳು, ಮಂಡಿ ಎಲ್ಲ ಕಡೆ ತೇಪೆ. ತೇಪೆಯೆಂದರೆ ಒರಟು ತೇಪೆಯಲ್ಲ. ಅಂಚು ಒಳಗೆ ಮಡಚಿ, ಒಂದೇ ಅಳತೆಯ ಹೊಲಿಗೆ, ಮೂಲೆಯಲ್ಲಿ ಎರಡು ಸಲ ಹಿಂದಕ್ಕೂ ಮುಂದಕ್ಕೂ ಓಡಿಸಿ ಗಟ್ಟಿ ಮಾಡಿದ್ದು. ಕಾರ್ಖಾನೆಯ ಹೊಲಿಗೆಗಿಂತ ಅದೇ ಚೆನ್ನಾಗಿತ್ತು. ಇದನ್ನು ಯಾವ ಟೈಲರ್ ಮಾಡಿದ್ದು ಎಂದು ಕೇಳಿದೆ.

ಅವರ ಮುಖ ಅರಳಿತು. "ನಮ್ಮ ಮನೆಯೋಳು. ಬೇರೆ ಯಾವ ಟೈಲರು ಇದನ್ನ ಮುಟ್ಟಲ್ಲ, ಸೂಜಿ ಮುರಿಯತ್ತೆ ಅಂತಾನೆ. ಸ್ಟೋರಿಗೆ ಹರಿದದ್ದು ಕೊಟ್ಟರೆ ಹೊಸದು ಬರಕ್ಕೆ ವರ್ಷ. ಅದುವರೆಗೂ ಹುಡುಗರು ಹರಿದ ಅಂಗೀಲಿ ಬೆಂಕಿಗೆ ಇಳೀಬೇಕಾ? ನಾನೇ ಬ್ಯಾಗಲ್ಲಿ ತುಂಬ್ಕೊಂಡು ಮನೆಗೆ ಒಯ್ತೀನಿ. ಇಪ್ಪತ್ತು ವರ್ಷದ ಮೇಲಾಯ್ತು. ನಮ್ಮ ಕೈಲಿ ಒಬ್ಬ ಹುಡುಗನೂ ಸುಟ್ಟುಕೊಂಡಿಲ್ಲ."

ಅವರು ಹೆಮ್ಮೆಯಿಂದ ನಗುತ್ತಿದ್ದರು. ನನಗೆ ಮಾತ್ರ ಆ ನಗುವಿನ ಕಡೆಗೆ ನೋಡಲು ಆಗಲಿಲ್ಲ. ಸುರಕ್ಷತಾ ಅಧಿಕಾರಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ನಿಂತಿತ್ತು. ನಾರು ಹಾರುವುದು ಬೆಂಕಿಯಲ್ಲಲ್ಲ, ಮನೆಯಲ್ಲಿ. ಹೊಲಿಗೆ ನೋಡಬೇಕು, ನಿಮ್ಮ ಮನೆಗೆ ಬರಬಹುದೇ ಎಂದು ಕೇಳಿದೆ. ಭಾನುವಾರ ಬನ್ನಿ, ಊಟಕ್ಕೇ ಬನ್ನಿ ಎಂದರು.

ತ್ರಿಪ್ಲಿಕೇನಿನ ಒಂದು ಓಣಿಯೊಳಗೆ, ಎರಡು ಮೆಸ್ಸುಗಳ ನಡುವಿನ ಸಂದಿಯಲ್ಲಿ ಅವರ ಮನೆ. ಒಂದೇ ಹಳೆಯ ಕಟ್ಟಡದಲ್ಲಿ ಏಳೆಂಟು ಸಂಸಾರ, ಎಲ್ಲರಿಗೂ ಒಂದೇ ಅಂಗಳ, ಒಂದೇ ಬಾವಿ. ಇವರದು ಮೇಲಿನ ಮಹಡಿ. ಬಾಗಿಲಲ್ಲೇ ಅವರ ಹೆಂಡತಿ ಎದುರಾದರು. ಕುಳ್ಳಗೆ, ತೆಳ್ಳಗೆ, ಮೂಗಿನ ಎರಡೂ ಕಡೆ ಹೊಳೆಯುವ ಬೇಸರಿ. ಆ ಕಟ್ಟಡದ ಎಲ್ಲರಿಗೂ ಅವರು ಮಾಮಿ, ಐದು ನಿಮಿಷದಲ್ಲಿ ನನಗೂ ಮಾಮಿಯೇ.

"ವಾಂಗೋ ವಾಂಗೋ! ಮೈಸೂರಿನೋರಿಗೆ ನಮ್ಮ ಕಾಪಿ ಸೇರತ್ತಾ? ಮೊದಲು ಕಾಪಿ, ಅಪ್ಪುರಂ ಅಂಗಿ ಸಮಾಚಾರ," ಎಂದು ಒಳಗೆ ಹೋದರು. ಒಳಗಿನಿಂದ ಕೆಮ್ಮು ಕೇಳಿತು. ಕೆಮ್ಮಿ ಮುಗಿಸಿ, ಏನೂ ಆಗದವರಂತೆ ಲೋಟ ಹಿಡಿದು ಬಂದರು. ಮೆಸ್ಸಿನ ಹೊಗೆ, ಅದಕ್ಕೇ ಈ ವೀಸಿಂಗು ಎಂದು ಠಾಣಾಧಿಕಾರಿ ಹೇಳಿದರು.

ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿತ್ತು. ಮಾಮಿ ಒಂದು ಚೂರನ್ನು ಸೂಜಿಯ ಕೆಳಗಿಟ್ಟು ಹೊಲಿದು ತೋರಿಸಿದರು. ಸ್ವಲ್ಪ ಹೊತ್ತಿಗೆ ಯಂತ್ರ ತಡವರಿಸಿತು. "ಇದು ಹೀಗೇ, ಹತ್ತಿ ಥರ ಪಂಜು ಕಟ್ಟಿಕೊಳ್ಳತ್ತೆ," ಎನ್ನುತ್ತಾ ಸೂಜಿಯ ಕೆಳಗಿನ ತಗಡನ್ನು ಸರಿಸಿ, ಬಾಬಿನ್ ಈಚೆ ತೆಗೆದು, ಬಾಗಿ, ಬಾಯಿಂದ ಫೂ ಎಂದು ಊದಿದರು. ಬೆಳ್ಳಗಿನ ಹಿಂಜು, ಬಟ್ಟೆಯಿಂದ ಉದುರಿದ ನಾರಿನ ಧೂಳು, ಎದ್ದು ಕಿಟಕಿಯ ಬೆಳಕಿನಲ್ಲಿ ತೇಲಿ, ಅವರ ಮುಖದ ಮೇಲೇ ಇಳಿಯಿತು. ಹೊಲಿಯುವವರೆಲ್ಲ ಹಾಗೇ ಊದುತ್ತಾರೆ, ನನ್ನ ಅಮ್ಮನೂ ಊದುತ್ತಿದ್ದಳು. ಆದರೆ ನನ್ನ ಅಮ್ಮ ಊದುತ್ತಿದ್ದುದು ಹತ್ತಿಯ ಹಿಂಜು.

"ಮಾಮಿ, ಊದಬೇಡಿ!" ಅಂದೆ. ದನಿ ಜೋರಾಯಿತು. ಇಬ್ಬರೂ ನನ್ನನ್ನು ನೋಡಿದರು. ಪರೀಕ್ಷೆಗೆ ಬೇಕು, ಹಾರಿಹೋಗುತ್ತದೆ ಎಂದು ತೇಪೆ ಹಚ್ಚಿದೆ. ಇನ್ನೂ ಖಾತ್ರಿಯಿಲ್ಲದೆ ಯಾರಿಗಾದರೂ ಏನು ಹೇಳುವುದು? ಚಿಮಟದಿಂದ ಉಳಿದ ಹಿಂಜನ್ನು ಗಾಜಿನ ಸೀಸೆಗೆ ಹಾಕಿಕೊಂಡೆ. ವರದಿ ಬರುವ ತನಕ ಈ ಯಂತ್ರ ಮುಟ್ಟಬೇಡಿ ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡೆ.

ಹೊರಡುವಾಗ ಮಾಮಿ ಕುಂಕುಮ ಕೊಟ್ಟು, ವೀಳ್ಯದೆಲೆಯ ಮೇಲೆ ಒಂದು ಜೊತೆ ಮೆತ್ತನೆಯ ಚೌಕಗಳನ್ನಿಟ್ಟರು. ಹೊರಗೆ ಹೂವಿನ ಚೀಟಿಬಟ್ಟೆ, ಒಳಗೆ ದಪ್ಪ.

"ಪಿಡಿತುಣಿ. ಬಿಸಿ ಪಾತ್ರೆ ಒಲೆಯಿಂದ ಇಳಿಸಕ್ಕೆ. ಅಂಗಿ ಮಿಕ್ಕ ಚೂರೆಲ್ಲ ಟ್ರಂಕಲ್ಲಿ ಇಟ್ಟಿರ್ತೀನಿ, ಅದರಲ್ಲಿ ಮಾಡ್ತೀನಿ, ಕೈ ಸುಡೋದೇ ಇಲ್ಲ. ಪ್ರತಿ ನವರಾತ್ರೀಲಿ ಗೊಂಬೆ ಕೊಲು ನೋಡಕ್ಕೆ ಬರೋ ಹೆಂಗಸರಿಗೆಲ್ಲ ಇದೇ ಕೊಡೋದು. ಎಲ್ಲಾರೂ ಬ್ಲೌಸ್ ಪೀಸ್ ಕೊಡ್ತಾರೆ, ಯಾರೂ ಹೊಲಿಸಿಕೊಳ್ಳಲ್ಲ. ಇದಾದರೆ ದಿನಾ ಕೈಗೆ ಬರತ್ತೆ, ದಿನಾ ನನ್ನ ನೆನಸ್ಕೊಳ್ತಾರೆ."

ಪ್ರಯೋಗಾಲಯದಲ್ಲಿ ಹಿಂಜಿನ ಎಳೆಗಳನ್ನು ಗಾಜಿನ ಮೇಲೆ ಹರಡಿ, ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಲೆಕ್ಕ ಗೊತ್ತಿರುವ ಎಣ್ಣೆಯ ಹನಿ ಹಾಕಿ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಇಟ್ಟೆ. ಹತ್ತಿಯ ನಾರು ತಿರುಚಿದ ರಿಬ್ಬನ್ನಿನ ಹಾಗೆ ಕಾಣುತ್ತದೆ, ಪಾಲಿಯೆಸ್ಟರು ನುಣ್ಣನೆಯ ಕಡ್ಡಿ. ಅವುಗಳ ನಡುವೆ ತುದಿಯಲ್ಲಿ ಸೀಳುಸೀಳಾದ, ಒಂದರೊಳಗಿಂದ ಹತ್ತು ಕವಲೊಡೆದ ಎಳೆಗಳಿದ್ದವು. ಗಾಜನ್ನು ತಿರುಗಿಸಿದಂತೆ ಅವು ಕೆನ್ನೇರಳೆಯಿಂದ ನೀಲಿಗೆ ಹೊರಳಿದವು. ಅದು ಕಲ್ನಾರಿನ ಬಣ್ಣ. ನೋಡಲು ಅಷ್ಟು ಚೆಂದದ ಬಣ್ಣ ಇನ್ನೊಂದಿಲ್ಲ. ಇನ್ನೊಮ್ಮೆ ಹೊಸ ಎಳೆ ಹರಡಿದೆ, ಮತ್ತೆ ಅದೇ. ನನಗೆ ಕೊಟ್ಟ ಪಿಡಿತುಣಿಯನ್ನು ನೀರು ಚಿಮುಕಿಸಿ ಬಿಚ್ಚಿದೆ, ಅದರಲ್ಲೂ ಅದೇ. ಸಭೆಯಲ್ಲಿ ಗೆಲ್ಲುವುದಕ್ಕೆ ಬೇಕಾದ ಪುರಾವೆ ಕೈಗೆ ಬಂದಿತ್ತು. ಸಂತೋಷವಾಗಬೇಕಿತ್ತು. ಆಗಲಿಲ್ಲ.

ಠಾಣೆಗೆ ಹೋಗಿ ಠಾಣಾಧಿಕಾರಿಗೆ ಮೊದಲು ಹೇಳಿದೆ. ಮಾಮಿಯನ್ನು ಎದೆರೋಗದ ಡಾಕ್ಟರಿಗೆ ತೋರಿಸಿ, ಹೊಲಿದ ವಿಷಯವನ್ನೂ ತಪ್ಪದೆ ಹೇಳಿ ಎಂದೆ. ತೋರಿಸಿದರು. ಎಕ್ಸ್‌ರೇ ಆಯಿತು, ಎದೆಯಿಂದ ನೀರು ತೆಗೆದರು, ಆಮೇಲೆ ಸೂಜಿ ಹಾಕಿ ಚೂರು ತೆಗೆದು ನೋಡಿದರು. ಪುಪ್ಪುಸದ ಹೊರಪದರದಲ್ಲಿ ಗಡ್ಡೆ. ಕಲ್ನಾರಿನಿಂದಲೇ ಬರುವಂಥದು, ಮದ್ದಿಲ್ಲದ್ದು. ಡಾಕ್ಟರು ಅದನ್ನು ಠಾಣಾಧಿಕಾರಿಗೆ ಮಾತ್ರ ಹೇಳಿದ್ದರು.

ಅವರು ಪ್ರಯೋಗಾಲಯಕ್ಕೇ ಬಂದು ನನ್ನೆದುರು ಕೂತರು.

"ಅವಳಿಗೆ ಹೇಳಬೇಡಿಮ್ಮಾ. ಎದೇಲಿ ನೀರು ಕಟ್ಟಿದೆ ಅಂತ ಮಾತ್ರ ಹೇಳಿದೀನಿ. ನನ್ನ ಹುಡುಗರು ಸುಟ್ಟುಕೊಳ್ಳಬಾರದು ಅಂತ ಹೊಲಿದಳು. ಅದೇ ಅವಳನ್ನ ತಿಂತು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಬ್ಯಾಗಲ್ಲಿ ತುಂಬ್ಕೊಂಡು ತಂದುಕೊಟ್ಟೋನು ನಾನು ತಾನೇ?"

ಅವರು ಅತ್ತರು. ಗಂಡಸರು ಅತ್ತಾಗ ಎದುರು ಕೂತು ಏನು ಮಾಡಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನೀರಿನ ಲೋಟ ಮುಂದಕ್ಕೆ ಸರಿಸಿದೆ. ಅವರ ಸಂಕಟ ಅರ್ಥವಾಗುತ್ತಿತ್ತು. ಆದರೆ ಮಾಮಿಯ ಟ್ರಂಕಿನಲ್ಲಿ ಇನ್ನೂ ಅಂಗಿಯ ಚೂರುಗಳಿದ್ದವು, ನವರಾತ್ರಿ ದೂರ ಇರಲಿಲ್ಲ. ಯಂತ್ರ ಮುಟ್ಟಬೇಡಿ ಎಂದರೆ ಎಷ್ಟು ದಿನ ಸುಮ್ಮನಿರುತ್ತಾರೆ? ಅದೂ ಅಲ್ಲದೆ ಆ ಹಿಂಜು ಅವರ ಯಂತ್ರದ್ದು, ಆ ಎದೆ ಅವರದು. ಅವರ ಬೆನ್ನ ಹಿಂದೆ ಅದನ್ನು ಸಭೆಯ ಮೇಜಿನ ಮೇಲಿಡುವುದು ನನ್ನಿಂದಾಗದು. ಇಡದೆ ಬಿಟ್ಟರೆ ಇನ್ನೂ ಎಷ್ಟು ಮನೆಗೆ ಈ ಬಟ್ಟೆ ಹೋಗುತ್ತದೋ. ನೀವೇ ಹೇಳಿ ಸರ್, ನಿಮ್ಮ ಕೈಲಾಗದಿದ್ದರೆ ನಾನು ಹೇಳ್ತೀನಿ ಅಂದೆ. ಅವರಿಂದ ಆಗಲಿಲ್ಲ. ಒಂದು ವಾರ ಕಾದು, ಭಾನುವಾರ ನಾನೇ ಹೋದೆ.

ಮಾಮಿ ಅಕ್ಕಿ ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ನಾರು ಏನು, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಎಲ್ಲ ಹೇಳಿದೆ. ಗಡ್ಡೆ ಎಂಬುದನ್ನೂ ಹೇಳಿದೆ. ಠಾಣಾಧಿಕಾರಿ ಬಾಗಿಲಲ್ಲಿ ನಿಂತು ಗೋಡೆ ನೋಡುತ್ತಿದ್ದರು. ಮಾಮಿ ಅಳುತ್ತಾರೆ, ಗಂಡನನ್ನು ಬೈಯುತ್ತಾರೆ, ಇಲ್ಲ ನನ್ನನ್ನು ಎದ್ದು ಹೋಗು ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಮೊರ ಕೆಳಗಿಟ್ಟರು.

"ಪಿಡಿತುಣೀಲೂ ಅದೇ ಇದೆಯಾ?"

"ಇದೆ ಮಾಮಿ."

"ಕೊಟ್ಟೆನಲ್ಲ ಎಲ್ಲಾರಿಗೂ. ಅವರಿಗೂ ಹೀಗೇ ಆಗತ್ತಾ?"

ಸುಳ್ಳು ಹೇಳಬಾರದು ಎಂದುಕೊಂಡೇ ಬಂದಿದ್ದೆ. "ನಿಮ್ಮಷ್ಟು ಆಗಲ್ಲ ಮಾಮಿ. ನೀವು ವರ್ಷಗಟ್ಟಲೆ ಕತ್ತರಿಸಿದ್ರಿ, ಹೊಲಿದ್ರಿ, ಊದಿದ್ರಿ. ಅವರು ಬರೀ ಕೈಲಿ ಹಿಡೀತಾರೆ. ಆದ್ರೆ ಹಳೇದಾಗಿ ಹರಿದ್ರೆ, ಒಗೆದು ಕೊಡವಿದ್ರೆ ನಾರು ಹಾರುತ್ತೆ."

"ಏನೂ ಆಗಲ್ಲ ಅಂತ ಹೇಳಕ್ಕಾಗತ್ತಾ?"

"ಆಗಲ್ಲ."

"ಹಾಗಾದರೆ ವಾಪಸು ತರಬೇಕು," ಎಂದು ಮಾಮಿ ಎದ್ದರು. ಸೆರಗು ಸರಿಮಾಡಿಕೊಂಡರು, ಆಗಲೇ ಹೊರಡುವವರಂತೆ.

"ನಿನಗೇನು ಬುದ್ಧಿ ಕೆಟ್ಟಿದೆಯಾ?" ಠಾಣಾಧಿಕಾರಿ ಸಿಡಿದರು. "ಅರಿಶಿನ ಕುಂಕುಮದ ಜೊತೆ ಕೊಟ್ಟದ್ದನ್ನ ಯಾರಾದರೂ ತಿರುಪ್ಪಿ ಕೇಳ್ತಾರಾ? ಆ ಮನೆಗಳಲ್ಲಿ ನಿನ್ನ ಮುಖ ನೋಡ್ತಾರಾ ಇನ್ನ?"

"ನೋಡದಿದ್ದರೆ ಪೋಗಲಿ. ಉಸಿರಾಡ್ಕೊಂಡು ಇರ್ತಾರಲ್ಲ."

ಮುಂದಿನ ಭಾನುವಾರಗಳಲ್ಲಿ ನಾನೂ ಮಾಮಿಯೂ ಮನೆಮನೆ ಅಲೆದೆವು. ಮಾಮಿಯ ಟ್ರಂಕಿನ ಚೂರುಗಳಿಂದಲೇ ಶುರು ಮಾಡಿ, ಕೆಲಸಕ್ಕೊಂದು ಕ್ರಮ ಮಾಡಿಕೊಂಡಿದ್ದೆ. ಬಾಗಿಲಲ್ಲೇ ಬಟ್ಟೆಗೆ ನೀರು ಚಿಮುಕಿಸುವುದು, ಒದ್ದೆಯಾದರೆ ನಾರು ಏಳುವುದಿಲ್ಲ. ಅದನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯುವುದು, ಮೇಲೆ ಇನ್ನೊಂದು ಚೀಲ. ಬದಲಿಗೆ ಕೊಡಲು ಮಾಮಿ ಅಂಗಡಿಯಿಂದ ಹತ್ತಿಯ ಪಿಡಿತುಣಿ ಕೊಂಡಿದ್ದರು. ಎರಡು ಮೆಟ್ಟಿಲು ಹತ್ತಿದರೆ ನಿಂತು ಸುಧಾರಿಸಿಕೊಳ್ಳಬೇಕು. ನಾನೇ ಹೋಗಿ ತರ್ತೀನಿ ಎಂದರೆ ಕೇಳಲಿಲ್ಲ. "ಕೊಟ್ಟೋಳು ನಾನು. ನೀವು ಹೋದರೆ ಯಾರೋ ಆಫೀಸರು ಬಂದಳು ಅಂತಾರೆ."

ಕೆಲವರು ಮಾತಿಲ್ಲದೆ ತಂದುಕೊಟ್ಟರು. ಕೆಲವರು ಎಲ್ಲೋ ಬಿಸಾಕಿದೀವಿ ಎಂದರು, ಆದರೆ ಒಳಗೆ ಒಲೆಯ ಪಕ್ಕದ ಮೊಳೆಯಲ್ಲಿ ಅದು ನೇತಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಹತ್ತು ವರ್ಷದಿಂದ ಹಿಡಿದಿದೀವಿ, ಏನೂ ಆಗಿಲ್ಲವಲ್ಲ ಎಂದು ವಾದಿಸಿದವರೂ ಇದ್ದರು. ನಾನು ಪುಪ್ಪುಸ, ನಾರು, ವರ್ಷಗಳು ಎಂದು ಬಿಡಿಸಿ ಹೇಳಿದಷ್ಟೂ ಅವರ ಮುಖ ಮುಚ್ಚಿಕೊಳ್ಳುತ್ತಿತ್ತು. ಬಾವಿಕಟ್ಟೆಯ ಎದುರಿನ ಮನೆಯ ಹಿರಿಯಾಕೆ, ಮಾಮಿಯ ಮದುವೆಯಾದಾಗಿನಿಂದ ಜೊತೆಯಿದ್ದವರು, ಪಿಡಿತುಣಿಯನ್ನು ತಂದು ಕೈಗೆ ಕೊಡದೆ ಹೊಸಲಿನ ಮೇಲೆ ಇಟ್ಟರು.

"ಸುಮಂಗಲಿಗೆ ಕೊಟ್ಟದ್ದನ್ನ ತೊಗೊಂಡು ಹೋಗ್ತಿದೀಯ. ಆಯ್ತು, ಹೋಗು. ಆದರೆ ಇನ್ನು ಏನೂ ಕೊಡಬೇಡ ನಂಗೆ," ಎಂದರು. ಬದಲಿಗೆ ಕೊಡಲು ಹೋದ ಹತ್ತಿಯ ಜೊತೆಯನ್ನು ಮುಟ್ಟಲಿಲ್ಲ.

ಮಾಮಿ ಬಗ್ಗಿ ಹೊಸಲಿನಿಂದ ಅದನ್ನು ಎತ್ತಿಕೊಂಡರು. ಬಗ್ಗಿದಾಗ ಕೆಮ್ಮು ಬಂತು. ಆ ಹಿರಿಯಾಕೆ ಒಂದು ಹೆಜ್ಜೆ ಹಿಂದೆ ಸರಿದು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಆಗ ಏನೋ ಹೊಳೆಯಿತು, ಆದರೆ ಪೂರ್ತಿ ಅರ್ಥವಾದದ್ದು ಮುಂದಿನ ವಾರ. ಕೆಳಗಿನ ಮನೆಯ ಹುಡುಗಿ, ಕೈಕೂಸಿನ ತಾಯಿ, ನನ್ನನ್ನು ಪಕ್ಕಕ್ಕೆ ಕರೆದು ತಮಿಳಿನಲ್ಲಿ ಪಿಸುಗುಟ್ಟಿದಳು. ಮಾಮಿಗೆ ಟಿ.ಬಿ.ಯಂತೆ, ಅವರು ಮುಟ್ಟಿ ಹೊಲಿದದ್ದರಲ್ಲಿ ಅದು ಹತ್ತಿದೆಯಂತೆ, ಅದಕ್ಕೇ ವಾಪಸು ಕೇಳುತ್ತಿದ್ದಾರಂತೆ, ಹೌದಾ? ಇಲ್ಲಮ್ಮ, ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೇ ಅಲ್ಲ ಎಂದು ಪ್ರಮಾಣ ಮಾಡಿದೆ. ಅವಳು ತಲೆಯಾಡಿಸಿದಳು. ಮಾಮಿಯನ್ನು ಕಂಡು ಅಂಬೆಗಾಲಿಟ್ಟು ಬರುತ್ತಿದ್ದ ಅವಳ ಮಗುವನ್ನು ಮಾತ್ರ ಎತ್ತಿಕೊಂಡು ಒಳಗೆ ಹೋದಳು.

ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹೊರಟಾಕೆಯನ್ನು ಹೀಗೆ ಮಾಡಿದರಲ್ಲ ಎಂದು ನನಗೆ ಇಡೀ ಓಣಿಯ ಮೇಲೆ ಸಿಟ್ಟು ಬಂತು. ಮಾಮಿಗೆ ಬರಲಿಲ್ಲ. "ಕೂಸಿದೆ ಪಾಪ, ಭಯ ಪಡ್ತಾಳೆ. ಆ ಪಿಡಿತುಣಿ ಕೊಟ್ಟಳಾ ಇಲ್ಲವಾ, ಅದು ಹೇಳಿ," ಎಂದರು.

ಎರಡನೆಯ ಸಭೆ ನವರಾತ್ರಿಯ ಮೊದಲು ನಡೆಯಿತು. ಹೊಲಿಗೆ ಯಂತ್ರದ ಹಿಂಜಿನ ವರದಿ, ಪಿಡಿತುಣಿಯ ವರದಿ ಎರಡನ್ನೂ ಮುಂದಿಟ್ಟೆ. ಯಾರ ಮನೆ ಎಂದು ಬರೆದಿರಲಿಲ್ಲ. ಮಾಮಿ ಬೇಕಾದರೆ ಹೆಸರು ಹಾಕಿ ಎಂದಿದ್ದರು. ಆದರೆ ಸಂಸ್ಥೆಯ ಉಡುಪನ್ನು ಮನೆಗೆ ಒಯ್ದದ್ದು ಠಾಣಾಧಿಕಾರಿಯ ಕೆಲಸಕ್ಕೆ ಕುತ್ತು ತರುವ ವಿಷಯ. ಸುರಕ್ಷತಾ ಅಧಿಕಾರಿ ವರದಿ ಓದಿ ತಲೆದೂಗಿದ. ನಿಜಕ್ಕೂ ದುಃಖದ ಸಂಗತಿ ಎಂದ. ಆಮೇಲೆ ಅದೇ ನಯದಲ್ಲಿ, ಹಾಗಾದರೆ ತೊಂದರೆ ಬಟ್ಟೆಯದಲ್ಲ, ರಿಪೇರಿಯದು, ಉಡುಪನ್ನು ಮನೆಯಲ್ಲಿ ಹೊಲಿಯಕೂಡದು ಎಂದು ಒಂದು ಸಾಲು ಸೇರಿಸಿ, ಕಲ್ನಾರಿನ ಬಟ್ಟೆ ಇದ್ದಹಾಗೇ ಇರಲಿ ಎಂದ. ಅಧ್ಯಕ್ಷರಿಗೆ ಅದು ಇಬ್ಬರಿಗೂ ಒಪ್ಪುವ ದಾರಿಯಂತೆ ಕಂಡಿತು. ಪೆನ್ನು ಕೈಗೆತ್ತಿಕೊಂಡರು. ನನ್ನ ಪುರಾವೆಯನ್ನೇ ಹಿಡಿದು, ಹೊಲಿದ ಹೆಂಗಸರದೇ ತಪ್ಪು ಎಂದು ನಿಯಮ ಬರೆಯಲು ಹೊರಟಿದ್ದರು.

ಅಷ್ಟರಲ್ಲಿ, ಈ ಸಲ ಬಳಕೆದಾರರ ಪರವಾಗಿ ಬಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಠಾಣಾಧಿಕಾರಿ ಎದ್ದು ನಿಂತರು. ಏಳುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಅವರು ತಮಿಳಿನಲ್ಲಿ ಮಾತಾಡಿದರು, ತೀರಾ ತಗ್ಗಿದ ದನಿಯಲ್ಲಿ. ಆ ಮನೆ ನನ್ನದು. ಅಂಗಿ ಒಯ್ದವನು ನಾನು, ಹೊಲಿದವಳು ನನ್ನ ಹೆಂಡತಿ, ಡಾಕ್ಟರು ಕೊಟ್ಟ ಅವಧಿ ಬಹಳ ಕಡಿಮೆ. ಮನೆಯಲ್ಲಿ ಹೊಲಿಯಬಾರದು ಎಂದು ನೀವು ಬರೆದರೆ ಹರಿದ ಅಂಗಿಯನ್ನು ನನ್ನ ಹುಡುಗರು ಠಾಣೆಯಲ್ಲೇ ಕೂತು ಹೊಲಿಯುತ್ತಾರೆ, ಅವರೂ ಊದುತ್ತಾರೆ. ಅಂಗಿ ಹರಿಯಬಾರದು ಎಂದು ನಿಯಮ ಬರೆಯಲು ಆಗುವುದಾದರೆ ಅದನ್ನು ಬರೆಯಿರಿ. ಇಷ್ಟು ಹೇಳಿ ಕೂತರು.

ಅಧ್ಯಕ್ಷರು ಪೆನ್ನನ್ನು ಮೇಜಿನ ಮೇಲಿಟ್ಟರು. ನಿಮ್ಮ ಮನೆಯವರು ನನ್ನ ಅಂಗಿಯನ್ನೂ ಹೊಲಿದಿರಬಹುದು, ನಾನೂ ಆ ಠಾಣೆಯಲ್ಲಿದ್ದೆ ಎಂದಷ್ಟೇ ಹೇಳಿದರು. ಆಮೇಲೆ ಬಹಳ ಚರ್ಚೆ ನಡೆಯಲಿಲ್ಲ. ಹೊಸದಾಗಿ ಕೊಳ್ಳುವ ಯಾವ ಉಡುಪಿನಲ್ಲೂ, ಕೈಗವಸಿನಲ್ಲೂ ಕಲ್ನಾರು ಇರಕೂಡದು, ಇರುವುದನ್ನು ಒದ್ದೆ ಮಾಡಿ ಚೀಲಕ್ಕೆ ಹಾಕಿ ಮುದ್ರೆಯೊತ್ತಬೇಕು, ಹರಾಜು ಹಾಕಕೂಡದು, ಯಾರಿಗೂ ಕೊಡಕೂಡದು ಎಂದು ತೀರ್ಮಾನವಾಯಿತು. ಠಾಣಾಧಿಕಾರಿಗೆ ಕಾರ್ಖಾನೆಯಿಂದ ಮೆಮೊ ಬಂತು, ಠಾಣೆಯ ಹೊಣೆ ತಪ್ಪಿಸಿ ಉಗ್ರಾಣಕ್ಕೆ ಹಾಕಿದರು.

ನಿಯಮಕ್ಕೆ ಎಲ್ಲ ಕಾರ್ಖಾನೆಗಳ ಸಹಿ ಬಿದ್ದು ನನ್ನ ಕೈಗೆ ಪ್ರತಿ ಬಂದ ಹೊತ್ತಿಗೆ ನವರಾತ್ರಿ ನಡೆಯುತ್ತಿತ್ತು. ಅವತ್ತು ಸಂಜೆ ಆಫೀಸಿನಿಂದ ನೇರವಾಗಿ ತ್ರಿಪ್ಲಿಕೇನಿಗೆ ಹೋದೆ. ಓಣಿಯಲ್ಲಿ ಎಲ್ಲ ಬಾಗಿಲೂ ತೆರೆದಿದ್ದವು. ರೇಷ್ಮೆ ಸೀರೆಯ ಹೆಂಗಸರು, ಹೂ ಮುಡಿದ ಹುಡುಗಿಯರು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರು.

ಮಾಮಿಯ ಮನೆಯಲ್ಲೂ ಗೊಂಬೆಗಳನ್ನು ಕೂರಿಸಿದ್ದರು. ಗಂಡ ಮೆಟ್ಟಿಲು ಕಟ್ಟಿಕೊಟ್ಟು, ಇವರು ಕೂತಲ್ಲೇ ಗೊಂಬೆ ಎತ್ತಿಕೊಟ್ಟು ಜೋಡಿಸಿದ್ದಂತೆ. ಚಾಪೆ ಹಾಸಿತ್ತು. ದೊಡ್ಡ ಪಾತ್ರೆಯ ತುಂಬ ಕಡಲೆ ಸುಂಡಲ್, ನಮ್ಮ ಕಡೆಯ ಉಸಲಿ. ತಟ್ಟೆಯಲ್ಲಿ ವೀಳ್ಯ, ಅಡಿಕೆ, ಮತ್ತು ಅಂಗಡಿಯಿಂದ ತಂದ ಚಿಕ್ಕ ಕನ್ನಡಿಗಳು, ಬಂದವರಿಗೆ ಕೊಡಲು. ಮಾಮಿ ಹಸಿರು ರೇಷ್ಮೆ ಉಟ್ಟಿದ್ದರು. ಮೈ ಎಷ್ಟು ಇಳಿದಿತ್ತೆಂದರೆ ಸೀರೆಯೇ ಅವರನ್ನು ಹಿಡಿದು ಕೂರಿಸಿದ ಹಾಗಿತ್ತು. ಚಾಪೆಯ ಮೇಲೆ ಯಾರೂ ಇರಲಿಲ್ಲ. ನವರಾತ್ರಿ ಶುರುವಾದಾಗಿನಿಂದ ಒಬ್ಬರೂ ಹತ್ತಿ ಬಂದಿಲ್ಲ ಎಂದು ಠಾಣಾಧಿಕಾರಿ ಬಾಗಿಲಲ್ಲೇ ನನ್ನ ಕಿವಿಯಲ್ಲಿ ಹೇಳಿದರು.

ಮಾಮಿಯ ಪಕ್ಕದಲ್ಲಿ ಕೂತು ಹೇಳಿದೆ. "ಆಯ್ತು ಮಾಮಿ. ಎಲ್ಲಾರೂ ಸಹಿ ಹಾಕಿದ್ರು. ಇನ್ಮೇಲೆ ಆ ಬಟ್ಟೆ ಯಾವ ಅಂಗೀಲೂ ಇರಲ್ಲ."

"ನಿಜವಾ? ರೊಂಬ ಒಳ್ಳೇದಾಯ್ತು," ಎಂದು ನನ್ನ ಕೈ ಹಿಡಿದುಕೊಂಡರು. ಅವರ ಕೈ ಬಿಸಿಯಾಗಿತ್ತು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, "ನೀವು ಒಂದು ಉಪಕಾರ ಮಾಡ್ತೀರಾ? ಕೆಳಗೆ ಹೋಗಿ ಎಲ್ಲಾರನ್ನೂ ಕರೀರಿ. ನನಗೆ ಇಳಿಯಕ್ಕಾಗಲ್ಲ, ಅದಕ್ಕೇ ಬಂದಿಲ್ಲವೋ ಏನೋ. ಕರೆಯದೆ ಹೇಗೆ ಬರ್ತಾರೆ, ಅವರ ಮೇಲೂ ತಪ್ಪಿಲ್ಲ," ಎಂದರು.

ಕುಂಕುಮದ ಬಟ್ಟಲು ಹಿಡಿದು ನಾನು ಮನೆಮನೆಗೂ ಹೋದೆ. ಒಬ್ಬರ ಮನೆಯಲ್ಲಿ ನೆಂಟರು, ಒಬ್ಬರಿಗೆ ತಲೆನೋವು. ಬಾವಿಯೆದುರಿನ ಹಿರಿಯಾಕೆ ಕುಂಕುಮ ಇಟ್ಟುಕೊಂಡರು, ನೋಡ್ತೀನಿ ಎಂದರು, ಹಿಂದಿರುಗಿ ಒಳಗೆ ಹೋದರು. ಕೈಕೂಸಿನ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು, ಅತ್ತೆ ಬೇಡ ಅಂತಾರಕ್ಕಾ ಎಂದಳು. ಬೇಡಿಕೊಂಡೆ. ನಾಚಿಕೆ ಬಿಟ್ಟು ಬೇಡಿಕೊಂಡೆ. ಐದು ನಿಮಿಷ ಸಾಕು, ಬಂದು ಬಾಗಿಲಲ್ಲೇ ನಿಂತು ಹೋಗಿ ಎಂದೆ. ಅವರಲ್ಲಿ ಯಾರೂ ಕೆಟ್ಟವರಲ್ಲ, ಅದೇ ನನಗೆ ತಡೆಯಲಾಗದ್ದು. ಬಿಸಾಕಿದೀವಿ ಎಂದವರೂ ಟಿ.ಬಿ. ಸುದ್ದಿಗೆ ಹೆದರಿ ಆಮೇಲೆ ತಂದುಕೊಟ್ಟಿದ್ದರು. ಮಾಮಿಯ ಕೈಯ ಬಟ್ಟೆ ಈಗ ಅವರ ಯಾರ ಅಡುಗೆಮನೆಯಲ್ಲೂ ಇರಲಿಲ್ಲ, ಅದೇ ಹೆದರಿಕೆಗೆ ಅವರು ಮಾಮಿಯ ಮನೆಗೂ ಬರುತ್ತಿರಲಿಲ್ಲ.

ಒಬ್ಬಳೇ ಮೆಟ್ಟಿಲು ಹತ್ತಿ ಬಂದೆ. ಮಾಮಿ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದರು. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಕತ್ತು ಚಾಚಿ ನೋಡಿದರು.

"ಬರ್ತಾರಂತಾ?"

ಆ ಮುಖಕ್ಕೆ ನಾನು ನಿಜ ಹೇಳಲಾರದೆ ಹೋದೆ. "ಬರ್ತಾರೆ ಮಾಮಿ. ಸ್ವಲ್ಪ ತಡ ಆಗುತ್ತಂತೆ."

"ತಡ ಆಗತ್ತಾ? ಹಾಗಾದರೆ ಸುಂಡಲ್ ಆರಿಹೋಗತ್ತೆ," ಎಂದು ಮಾಮಿ ಗೋಡೆ ಹಿಡಿದು ಮೆಲ್ಲಗೆ ಎದ್ದು, ಅದನ್ನು ಇನ್ನೊಂದು ಸಲ ಬಿಸಿ ಮಾಡಲು ಒಳಗೆ ಹೋದರು.